ಬಿಸಿಲು ಉಂಡ ದೋಣಿ

ಯಾರ ಮನೆಗೆ ಹೋದರೂ ಆತ ಮೊದಲು ಮುಖ ನೋಡುತ್ತಿರಲಿಲ್ಲ, ಮಾಳಿಗೆ ನೋಡುತ್ತಿದ್ದ. ಬಾಗಿಲಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಮೇಲೆ ಕಣ್ಣು ಹಾಯಿಸಿ, "ಇಷ್ಟು ಬಿಸಿಲು ಸುಮ್ಮನ ಬಿದ್ದು ಹೊಂಟೈತಲ್ಲಕ್ಕಾ!" ಎಂದು ಮರುಗಿದ ಮೇಲೇ ಒಳಗೆ ಬರುತ್ತಿದ್ದ. ಹಾಲು ಉಕ್ಕಿ ಒಲೆಗೆ ಚೆಲ್ಲಿದರೆ ನನಗೆ ಹೇಗೆ ಸಂಕಟವಾಗುತ್ತದೋ, ಬಿಸಿಲು ದಂಡವಾದರೆ ಆತನಿಗೆ ಹಾಗೆ.

ಮಕ್ಕಳೇ, ಪ್ರತಿ ಸೋಮವಾರ ನನಗೆ ಫೋನ್ ಮಾಡಿ ಅಷ್ಟು ಹೊತ್ತು ಮಾತಾಡುವ ಅಜ್ಜಿ ಯಾರು ಎಂದು ನೀವು ಕೇಳುತ್ತಿರುತ್ತೀರಿ. ಆಕೆ ಉರುಕುಂದಮ್ಮ, ಆತನ ಹೆಂಡತಿ. ಆತ ಹೋಗಿ ಈಗ ವರ್ಷ ತುಂಬುತ್ತ ಬಂತು. ಬಾಯಿಂದ ಹೇಳು ಎಂದರೆ ನನಗೆ ಆಗುವುದಿಲ್ಲ. ನಾಲ್ಕು ಜನ ಕೂತರೆ ನನ್ನ ನಾಲಗೆ ಸೆರಗಿನೊಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಆದೋನಿಯಲ್ಲಿ ಆತನ ಹೆಸರು ಯಾರಿಗೂ ಬೇಕಾಗಿರಲಿಲ್ಲ, "ಮೈಕಿನಾತ" ಅಂದರೆ ಸಾಕಿತ್ತು.

ನಮ್ಮ ಗೋಡೆಗೆ ಗೋಡೆ ಆತನ ಮನೆ. ಮುಂದಿನ ಕೋಣೆಯಲ್ಲೇ ಮೈಕ್‌ಸೆಟ್ಟಿನ ಅಂಗಡಿ. ಮದುವೆಗೆ, ಓಟಿಗೆ, ಸಾವಿಗೆ, ಎಲ್ಲಕ್ಕೂ ಆತನ ಮೈಕು, ಆತನ ಸೀರಿಯಲ್ ಲೈಟು. ಮೈಕು ಸರಿಯಿದೆಯೇ ಎಂದು ನೋಡಲು ಬೇರೆಯವರು "ಹಲೋ, ಹಲೋ" ಅನ್ನುತ್ತಾರೆ. ಈತ, "ಉರುಕುಂದಮ್ಮಾ, ಇವತ್ತೇನು ಸಾರು?" ಎಂದು ಕೇಳುತ್ತಿದ್ದ. ನಮ್ಮ ಓಣಿಯಲ್ಲೇ ಮದುವೆಯಿದ್ದರೆ ಆಕೆ ಅಡುಗೆಮನೆ ಕಿಟಕಿಯಿಂದ ಸೌಟು ಎತ್ತಿ, "ನಿಮ್ಮ ತಲಿ!" ಎಂದು ಕೂಗುತ್ತಿದ್ದಳು. ಆತ ಗಂಭೀರವಾಗಿ, "ತಲಿ ಸಾರಂತ್ರಿ, ಎಲ್ಲಾರೂ ಊಟಕ್ಕ ಬರ್ರಿ" ಎಂದು ಮೈಕಿನಲ್ಲಿ ಊರಿಗೆಲ್ಲ ಹೇಳುತ್ತಿದ್ದ. ಆಕೆ ಬೈಯುತ್ತ ಬೈಯುತ್ತಲೇ ನಗುತ್ತಿದ್ದಳು.

ಆತ ಜಂಬದವನು. ಹೂವಿನ ಚಿತ್ರದ ಅಂಗಿ ಹಾಕುತ್ತಿದ್ದ. ಯಾರ ಏಣಿಯನ್ನಾದರೂ ಕೇಳದೆ ಒಯ್ಯುತ್ತಿದ್ದ. ತಾನು ಹಾಕಿದ ದೀಪದಲ್ಲಿ ಹೆಣ್ಣು ನೋಡಿದರೆ ಯಾವ ಗಂಡಿನ ಕಡೆಯವರೂ ಬೇಡವೆನ್ನುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ. ಆದರೆ ನಿಮ್ಮ ತಾತ ತೀರಿಕೊಂಡ ವರ್ಷ, ನಾನು ಒಳಕೋಣೆ ಬಿಟ್ಟು ಹೊರಗೆ ಬಾರದಿದ್ದಾಗ, ಗೋಡೆಯಾಚೆಯಿಂದ ಕೂಗಿದ್ದು ಇದೇ ಜಂಬಗಾರ.

"ಅಕ್ಕಾ, ಮಾಳಿಗಿ ಮ್ಯಾಲ ತಂತಿ ಎಳೀಬೇಕು. ಈ ತುದಿ ಹಿಡ್ಯಾಕ ಯಾರೂ ಇಲ್ಲ. ಸ್ವಲ್ಪ ಬರ್ರಿ."

ನಾನು ಹೋಗಿ ಹಿಡಿದೆ. ಮರುದಿನ ಮತ್ತೆ ಕರೆದ. ದಿನಾ ಸಂಜೆ ನಾನು ಮಾಳಿಗೆಯಲ್ಲಿ ತಂತಿ ಹಿಡಿದು ನಿಲ್ಲುವುದು, ಆತ ಆ ತುದಿಯಲ್ಲಿ ಏನೋ ತಿರುಪುತ್ತಾ ಲೋಕದ ಮಾತೆಲ್ಲ ಆಡುವುದು, ಉರುಕುಂದಮ್ಮ ಚಹಾ ತರುವುದು. ಆ ತಂತಿ ಎಲ್ಲಿಗೂ ಹೋಗುತ್ತಿರಲಿಲ್ಲ ಎಂದು ನನಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಅಷ್ಟು ಹೊತ್ತಿಗೆ ನನಗೆ ಗಾಳಿ ಬೆಳಕಿನ ಅಭ್ಯಾಸ ಮತ್ತೆ ಆಗಿತ್ತು.

ಮದುವೆಗಳೆಲ್ಲ ಕಲ್ಯಾಣಮಂಟಪ ಸೇರಿದ ಮೇಲೆ ಮೈಕಿನ ಕೆಲಸ ಕಡಿಮೆಯಾಯಿತು. ಆತ ಮಾಳಿಗೆಗಳ ಮೇಲೆ ಸೋಲಾರ್ ಹಾಕುವುದನ್ನು ಕಲಿತ. ಅದೇ ಸುಮಾರಿಗೆ ಉರುಕುಂದಮ್ಮ ಮೆಣಸಿನಕಾಯಿ ಬುಟ್ಟಿ ಇಳಿಸುವಾಗ ಮೆಟ್ಟಿಲಿನಿಂದ ಜಾರಿ ಬಿದ್ದಳು. ಬೆನ್ನಿನ ಎಲುಬಿಗೆ ಪೆಟ್ಟು. ನಡುಮನೆಯಲ್ಲಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕುತ್ತಿದ್ದಳು, ಅಷ್ಟೇ. ಹೆಚ್ಚು ಹೊತ್ತು ಕೂಡಲಾಗದು. ಕುಲುಕಿದರೆ ಜೀವ ಹೋದಂತೆ ನೋವು.

ಆಕೆಯ ತವರು ನಾಗಲದಿನ್ನೆಯಿಂದ ಹೊಳೆಗುಂಟ ಕೆಳಗಿರುವ ಒಂದು ಸಣ್ಣ ಊರು. ಅಲ್ಲಿ ಆಕೆಯ ತಾಯಿ, ಕಣ್ಣು ಹೋದ ಮುದುಕಿ, ಮಂಚ ಹಿಡಿದಿದ್ದಳು. ಇಲ್ಲಿ ಮಗಳು ಮಂಚ ಹಿಡಿದಿದ್ದಳು. ನಡುವೆ ಫೋನೊಂದೇ. "ಮಾತು ಕಿವಿಗೆ ಬೀಳ್ತೈತಿ, ನೀನು ಕೈಗೆ ಸಿಗವಲ್ಲಿ" ಎಂದು ಮುದುಕಿ ಪ್ರತಿಸಲ ಅನ್ನುವಳಂತೆ. ಫೋನ್ ಇಟ್ಟ ಮೇಲೆ ಉರುಕುಂದಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಅವತ್ತು ಆತ ಮೈಕಿನ ಮುಂದೆ ಸಾರು ಕೇಳುತ್ತಿರಲಿಲ್ಲ.

ಒಮ್ಮೆ ಕಾರಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಕಿ ಆಕೆಯನ್ನು ಕರೆದುಕೊಂಡು ಹೋದ. ಆಕೆಯ ಕೈ ಹಿಡಿಯಲು ನಾನೂ ಹೋದೆ. ಎಮ್ಮಿಗನೂರು ದಾಟಿ ನಾಗಲದಿನ್ನೆಯವರೆಗೆ ಹೇಗೋ ತಡೆದುಕೊಂಡಳು. ಅಲ್ಲಿಂದ ಮುಂದೆ ಎರೆಹೊಲದ ಬಂಡಿದಾರಿ. ಮಳೆಗಾಲದಲ್ಲಿ ಟ್ರ್ಯಾಕ್ಟರು ಹೋದ ಹಳ್ಳಗಳು ಹಾಗೇ ಒಣಗಿ ಕಲ್ಲಾಗಿದ್ದವು. ಎರಡನೇ ಹಳ್ಳಕ್ಕೇ ಆಕೆ ಚೀರಿದ ಚೀರಾಟಕ್ಕೆ ಆತ ಕಾರು ನಿಲ್ಲಿಸಿದ. ಹಿಂದಕ್ಕೆ ತಿರುಗಿಸಿ, ಹೊಳೆಯ ದಂಡೆಯಲ್ಲಿ ನಿಂತು ಆಕೆಗೆ ನೀರು ಕುಡಿಸಿದೆವು. ಕಾರ್ತೀಕದ ಹೊಳೆ, ತುಂಬಿ ಸುಮ್ಮನೆ ಹರಿಯುತ್ತಿತ್ತು. ಆಕೆ ಮಲಗಿದಲ್ಲಿಂದಲೇ ನೋಡಿ ಅಂದಳು:

"ನೋಡ್ರಿ, ಹೊಳ್ಯಾಗ ಒಂದರ ತಗ್ಗು ಐತೇನು?"

ಬೇಸರಕ್ಕೆ ಆಡಿದ ಮಾತು. ಆದರೆ ಆತ ಅದನ್ನು ಗಂಟು ಕಟ್ಟಿಕೊಂಡು ಮನೆಗೆ ಬಂದ.

ಆಮೇಲೆ ಶುರುವಾಯಿತು ನೋಡಿ. ವಾರಕ್ಕೊಮ್ಮೆ ನಾಗಲದಿನ್ನೆಗೆ ಹೋಗುವುದು, ಬಂದು ವರದಿ ಹೇಳುವುದು. ಹರಿಗೋಲು ಗಿರಗಿರ ತಿರುಗುತ್ತದೆ, ಆಕೆಗೆ ತಲೆ ಸುತ್ತುತ್ತದೆ, ಬೇಡ. ಡೀಸೆಲ್ ಇಂಜಿನ್ನಿನ ದೋಣಿಯಲ್ಲಿ ಆತ ಅಂಗಾತ ಮಲಗಿ, ಎದೆಯ ಮೇಲೆ ತುಂಬಿದ ತಂಬಿಗೆ ಇಟ್ಟುಕೊಂಡು ಹೋಗಿ ನೋಡಿದನಂತೆ. ದಡ ಮುಟ್ಟುವುದರೊಳಗೆ ಹೂವಿನ ಅಂಗಿಯೆಲ್ಲ ತೊಯ್ದಿತ್ತು. "ಇಷ್ಟು ನಡುಗಿದ್ರ ಆಕಿ ಬೆನ್ನು ಏನಾದೀತು? ಬ್ಯಾಡ." ಕೊನೆಗೆ ಎಲ್ಲಿಂದಲೋ ಕರೆಂಟಿನ ಸಣ್ಣ ದೋಣಿಮೋಟಾರು ತರಿಸಿದ. ಎದೆಯ ಮೇಲೆ ಮತ್ತೆ ತಂಬಿಗೆ. ಒಂದು ಹನಿಯೂ ಚೆಲ್ಲಲಿಲ್ಲ. ಅವತ್ತು ರಾಜನ ಹಾಗೆ ಓಣಿಗೆ ಬಂದ.

ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ಬೆಸ್ತರ ಈರಣ್ಣನೆಂಬ ದೋಣಿಯವನಿಂದ ಎರಡು ಹಳೆಯ ದೋಣಿ ಕೊಂಡು, ಅಕ್ಕಪಕ್ಕ ಜೋಡಿಸಿ, ಮೇಲೆ ಹಲಗೆ ಬಡಿದು, ಆಕೆಯ ಮಂಚ ಹಿಡಿಸುವಷ್ಟು ಅಗಲ ಮಾಡಿದ. ಅದರ ಮೇಲೆ ಕಬ್ಬಿಣದ ಕಾಲಿನ ಚಪ್ಪರ. ಚಪ್ಪರಕ್ಕೆ ಗರಿ ಇಲ್ಲ, ತಗಡು ಇಲ್ಲ; ಸೋಲಾರ್ ಪ್ಯಾನೆಲ್ಲುಗಳೇ ಹೊದಿಕೆ.

"ಹೋಗುವಾಗ ಹೊಳಿ ಒಯ್ತೈತಿ. ಬರುವಾಗ ಯಾರು ತರ್ತಾರ?" ಎಂದು ನನಗೆ ಬಿಡಿಸಿ ಹೇಳುತ್ತಿದ್ದ. "ಎದುರು ನೀರಿಗೆ ದಿನಪೂರ್ತಿ ಮೋಟಾರ್ ತಿರುಗಬೇಕು. ಅಷ್ಟು ಬ್ಯಾಟರಿ ಹೇರಿದ್ರ ದೋಣಿ ಹೊಳಿ ತಳಕ್ಕ ಹೋಗ್ತೈತಿ. ಅದಕ್ಕ ಇದು ಹೊಂಟಲ್ಲೇ ಉಣ್ಣಬೇಕು, ಉಂಡಲ್ಲೇ ದುಡೀಬೇಕು."

ಎಷ್ಟು ಪ್ಯಾನೆಲ್ಲು ಬೇಕು ಎಂದು ಲೆಕ್ಕ ಹಾಕಿದ್ದು ಮಾತ್ರ ಮದುವೆಯ ಅಡುಗೆಯ ಲೆಕ್ಕದಲ್ಲೇ. "ಮೊದ್ಲು ಉಣ್ಣೋರು ಯಾರ್‍ಯಾರು ನೋಡು, ಆಮ್ಯಾಲ ಹಂಡೆ ಏರಿಸು" ಎಂಬುದು ಆತನ ಮಾತು. ಉಣ್ಣುವವರು ಯಾರು? ಮೋಟಾರು, ಅದು ಭೀಮಸೇನ. ಆಕೆಗೆ ಒಂದು ಫ್ಯಾನು. ಒಂದು ದೀಪ. ಫೋನುಗಳು, ಅವು ಚಿಕ್ಕ ಮಕ್ಕಳಿದ್ದಂತೆ, ಒಂದು ತುತ್ತು ಸಾಕು. ಕೊನೆಗೆ ಆಕೆಯ ಬೆನ್ನಿಗೆ ಶಾಖ ಕೊಡುವ ಕರೆಂಟಿನ ಪ್ಯಾಡು. ಆತನ ಸೋದರತ್ತೆ ಹನುಮಮ್ಮ, ದೊಡ್ಡ ಬಾಯಿಯ ಹೆಂಗಸು, ಬುತ್ತಿಯ ಚಟ್ನಿಗೆ ಮಿಕ್ಸಿಯೂ ಬರಲಿ ಎಂದಳು.

"ಅತ್ತಿ, ಮಿಕ್ಸಿ ಹತ್ತಿದ್ರ ನಾನು ಇಳೀತೀನಿ" ಎಂದ ಆತ.

ಪ್ಯಾನೆಲ್ಲು ದೋಣಿಗೆ ಏರುವ ಮೊದಲು ಆತ ಒಂದು ತಮಾಷೆ ಮಾಡಿದ. ಮಾಳಿಗೆಯ ಮೇಲೆ ಸೀಮೆಸುಣ್ಣದಿಂದ ದೋಣಿಯ ಅಳತೆ ಬರೆದು, ಅದರೊಳಗೆ ಮಂಚ ಇಟ್ಟು, ಮೋಟಾರನ್ನು ನೀರಿನ ತೊಟ್ಟಿಗೆ ಇಳಿಸಿ, ನಮ್ಮನ್ನೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ಗೆರೆಯೊಳಗೆ ಕೂಡಿಸಿದ. ಗೆರೆ ದಾಟಿದವರು ಹೊಳೆಗೆ ಬಿದ್ದಂತೆ! ಉರುಕುಂದಮ್ಮನನ್ನೂ ಎತ್ತಿಕೊಂಡು ಬಂದು ಮಲಗಿಸಿದ್ದರು. ಪಕ್ಕದ ಮಾಳಿಗೆಗಳ ಮೇಲೆ ಜನ.

"ಏನು ಮೈಕಿನಾತಾ, ದೋಣಿ ಎಲ್ಲಿಗೆ ಬಂತು?" ಎಂದು ಒಬ್ಬ ಕೂಗಿದ.

"ನಾಗಲದಿನ್ನಿ ದಾಟ್ತು. ನೀನು ಈಜ್ಕೊಂತ ಬಾ" ಎಂದ ಈತ.

ನನಗೆ ನಾಚಿಕೆಯಿಂದ ಸಾಯುವಂತಾಗಿತ್ತು. ಆದರೆ ಸಂಜೆಯ ಹೊತ್ತಿಗೆ, ಸುಳ್ಳು ದೋಣಿಯಲ್ಲಿ ನಿಜವಾದ ಬುತ್ತಿ ಬಿಚ್ಚಿ ಉಣ್ಣುವಾಗ, ನಾನೂ ಗೆರೆ ದಾಟದಂತೆ ಕೈ ಚಾಚಿ ನೀರಿನ ಚೆಂಬು ಎಳೆದುಕೊಂಡೆ. ಉರುಕುಂದಮ್ಮ ಅದನ್ನು ನೋಡಿ ಬೆನ್ನು ಹಿಡಿದುಕೊಂಡು ನಕ್ಕಳು.

ಸೂರ್ಯ ಮುಳುಗುವ ಮೊದಲೇ ಮೋಟಾರು ನಿಂತುಬಿಟ್ಟಿತು. ಆತನ ಮುಖ ಸಣ್ಣಗಾಯಿತು. ಮೂರು ಪ್ಯಾನೆಲ್ಲಿನ ಅಡುಗೆ ಸಾಲಲಿಲ್ಲ. ಆ ಶಾಖದ ಪ್ಯಾಡು ಭೀಮಸೇನನ ಪಾಲನ್ನೂ ತಿಂದಿತ್ತು. ನಾಲ್ಕನೆಯದು ಹಾಕಿದ, ಆದರೂ ಸಾಲದು. ಐದನೆಯದಕ್ಕೆ ಚಪ್ಪರದ ಮೇಲೆ ಜಾಗವಿಲ್ಲ. ಆಗ ಉರುಕುಂದಮ್ಮನೇ, "ಆ ಪ್ಯಾಡು ಬಿಡ್ರಿ. ನಮ್ಮವ್ವ ಮಾಡ್ತಿದ್ದಂಗ ಉಪ್ಪಿನ ಗಂಟು ಕಾಸಿ ಇಡೋಣು" ಎಂದಳು. ಹಲಗೆಯ ಮೇಲೆ ಒಂದು ಇದ್ದಿಲ ಒಲೆ, ಬಟ್ಟೆಯಲ್ಲಿ ಕಟ್ಟಿದ ಉಪ್ಪು. ಅಲ್ಲಿಗೆ ಲೆಕ್ಕ ಸರಿಹೋಯಿತು.

ಪ್ಯಾನೆಲ್ಲುಗಳನ್ನು ಆತ ಚಪ್ಪಟೆಯಾಗಿಯೇ ಹಾಸಿದ. ಮನೆಯ ಮೇಲಾದರೆ ದಕ್ಷಿಣಕ್ಕೆ ಬಾಗಿಸಬೇಕಂತೆ. ಹೊಳೆ ತಿರುಗಿದಂತೆ ದೋಣಿಯೂ ತಿರುಗುತ್ತದಲ್ಲ, ಬಾಗಿಸಿ ಏನು ಬಂತು ಎಂದ. ಗಾಳಿ ಆಡಲೆಂದು ಪ್ಯಾನೆಲ್ಲಿಗೂ ಪ್ಯಾನೆಲ್ಲಿಗೂ ನಡುವೆ ಸಂದು ಬಿಟ್ಟ. ದೋಣಿಗೆ ಒಂದು ಬಾವುಟ ಕಟ್ಟಬೇಕೆಂದು ಈರಣ್ಣ ಗಳ ತಂದರೆ ಬೈದು ಕಳಿಸಿದ. "ಇವು ನಾಲ್ಕೂ ಕೈಕೈ ಹಿಡಕೊಂಡು ನಿಂತಾವಪ್ಪಾ. ಒಂದರ ಮ್ಯಾಲ ನೆರಳು ಬಿದ್ದು ಅದು ಕೂತ್ರ, ಉಳಿದವೂ ಕೂಡ್ತಾವು. ಒಂದು ಅಂಗೈ ನೆರಳೂ ಬೀಳಬಾರದು." ಇಷ್ಟು ಎಚ್ಚರದ ಮನುಷ್ಯ.

ಮರುವರ್ಷ ಗೌರಿ ಹುಣ್ಣಿಮೆಯ ದಿನ ನಾಗಲದಿನ್ನೆಯಿಂದ ಹೊರಟೆವು. ಆಕೆ, ಆತ, ಹನುಮಮ್ಮ, ಈರಣ್ಣ, ನಾನು. ಹಿಂದಿನ ದಿನಗಳಲ್ಲಿ ಮೋಡವಿದ್ದು ಬ್ಯಾಟರಿ ಅರ್ಧವೇ ತುಂಬಿತ್ತು. "ಅಡ್ಡಿ ಇಲ್ಲ, ಇವತ್ತು ಬಿಸಿಲು ಐತಿ" ಎಂದು ಆತ ಆಕಾಶ ನೋಡಿ ಹೇಳಿದ. ದೋಣಿಯನ್ನು ಎತ್ತರದ ದಂಡೆಗೆ ಒತ್ತಿ ನಿಲ್ಲಿಸಿದ್ದರಿಂದ ಚಪ್ಪರ ನಿಂತವರ ಸೊಂಟದ ಮಟ್ಟಕ್ಕೆ ಬಂದಿತ್ತು. ಆತ ಕೆಳಗೆ ಬಗ್ಗಿ ಮೋಟಾರು ಬಿಗಿಯುತ್ತಿದ್ದಾಗ ಮೇಲೆ ದಂಡೆಯಲ್ಲಿ ಹನುಮಮ್ಮ ಮತ್ತು ಊರ ಹೆಂಗಸರು ಪೂಜೆಗೆ ಸೇರಿದರು. ನಮ್ಮಲ್ಲಿ ಹೊಸ ಸೈಕಲ್ಲಿಗೂ ಪೂಜೆಯಿಲ್ಲದೆ ಕಾಲಿಡುವುದಿಲ್ಲ. ಇಷ್ಟು ದೊಡ್ಡ ವಸ್ತುವನ್ನು ಬಿಟ್ಟಾರೆಯೇ? ನಾನು ಅಭ್ಯಾಸದಂತೆ ದೂರ ಸರಿದು, ಮಂಚದ ಪಕ್ಕ ಕೂತಿದ್ದೆ. ಕಾಯಿ ಒಡೆದ ಸದ್ದು ಕೇಳಿಸಿತು, ಆರತಿಯ ಹಾಡು ಕೇಳಿಸಿತು. ಆತ ಕೆಳಗಿನಿಂದಲೇ ಕೈ ಮುಗಿದ. ದೋಣಿ ಬಿಟ್ಟಿತು.

ಆ ಬೆಳಗನ್ನು ಹೇಗೆ ಬರೆಯಲಿ? ಮೋಟಾರಿಗೆ ಸದ್ದೇ ಇರಲಿಲ್ಲ. ಬೆಳ್ಳಕ್ಕಿಗಳು ಏಳುತ್ತಲೂ ಇರಲಿಲ್ಲ. ಉರುಕುಂದಮ್ಮ ಮಲಗಿದಲ್ಲೇ ಕೈ ಇಳಿಬಿಟ್ಟು ನೀರು ಮುಟ್ಟುತ್ತಾ, "ಅಕ್ಕಾ, ನಾನು ಹೊಂಟೀನಿ, ಹೌದಲ್ಲ?" ಎಂದು ಮತ್ತೆ ಮತ್ತೆ ಕೇಳಿದಳು.

ಹೊತ್ತು ಏರುತ್ತ ಮೋಟಾರಿನ ಓಟ ಇಳಿಯತೊಡಗಿತು. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದಾಗ ಪೂರ್ತಿ ಸೋತು ನಿಂತಿತು. ಆತ ತಂತಿ ನೋಡಿದ, ತಿರುಪು ನೋಡಿದ, ಬ್ಯಾಟರಿ ನೋಡಿದ. ಆಕಾಶ ನೋಡಿದ. ಒಂದು ತುಣುಕು ಮೋಡವಿಲ್ಲ. ಈರಣ್ಣ ಗಳ ಊರಿ ದೋಣಿಯನ್ನು ತಡೆದು ಹಿಡಿದ.

"ಅನ್ನಾ, ಮುಂದ ಹೊಳ್ಯಾಗ ಕಲ್ಲು ಅದಾವು. ಮೋಟಾರ್ ಇಲ್ದ ಈ ಜೋಡು ದೋಣಿ ನನ್ನ ಮಾತು ಕೇಳಲ್ಲ. ದಡಕ್ಕ ಹಾಕಿ ವಾಪಸ್ ಪೋದಾಂ ಪದಂಡಿ."

ವಾಪಸ್. ಹಿಂದಿರುಗಿ ಹೋಗಿ ಇನ್ನೊಮ್ಮೆ ಹೊರಟು ಬರುವ ಶಕ್ತಿ ಆಕೆಯ ಬೆನ್ನಿಗೆ ಇರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು. ಉರುಕುಂದಮ್ಮ ನೀರಿನಿಂದ ಕೈ ತೆಗೆದುಕೊಂಡಳು. ಅಳಲಿಲ್ಲ. ಆಕೆ ಅಳುವುದನ್ನು ಬಿಟ್ಟು ಬಹಳ ದಿನವಾಗಿತ್ತು, ಅತ್ತರೂ ಬೆನ್ನು ಅಲುಗುತ್ತದೆ.

ಆತ ಕೊನೆಗೆ ಅಡ್ಡಪಟ್ಟಿ ಹಿಡಿದು ಹತ್ತಿ ಚಪ್ಪರದ ಮೇಲೆ ಇಣುಕಿದ. ಹಾಗೇ ನಿಂತ. ಇಳಿದ.

"ಅತ್ತಿ, ಮ್ಯಾಲ ಏನು ಮಾಡೀರಿ?"

"ಪೂಜಿ ಮಾಡೀವಿ. ಮತ್ತೇನು ಮಾಡ್ತಾರ?"

ನಾನೂ ಹತ್ತಿ ನೋಡಿದೆ. ಹೇಳಿದರೆ ನೀವು ನಗುತ್ತೀರಿ. ನಾಲ್ಕೂ ಪ್ಯಾನೆಲ್ಲಿನ ತುಂಬ ಅರಿಶಿಣ ಕಲಸಿ ಬಳಿದಿದ್ದರು. ಅದರ ಮೇಲೆ ಅಡ್ಡಡ್ಡ ವಿಭೂತಿ, ಅಂಗೈಯಗಲ ಕುಂಕುಮ, ಮೂಲೆಮೂಲೆಗೆ ಚೆಂಡುಹೂವಿನ ಸರ. ಬಿಸಿಲಿಗೆ ಎಲ್ಲ ಒಣಗಿ ಗೋಡೆಯ ಸುಣ್ಣದ ಹಾಗೆ ಅಂಟಿತ್ತು. ಬಾವುಟದ ನೆರಳಿಗೂ ಹೆದರಿದ್ದ ಮನುಷ್ಯನ ಚಪ್ಪರ ಮದುಮಗಳಾಗಿ ಕೂತಿತ್ತು.

ಆತ ಹೂವು ತೆಗೆದು ಮಡಿಲಿಗೆ ಹಾಕಿಕೊಂಡ. ಹೆಗಲ ಟವೆಲ್ಲು ಕೈಗೆ ತಗೊಂಡ. ಹನುಮಮ್ಮ ಎದ್ದು ನಿಂತಳು.

"ಒರಸ್ತೀಯಾ? ಮುತ್ತೈದಿ ತವರಿಗೆ ಹೊಂಟಾಗ ಹಚ್ಚಿದ ಕುಂಕುಮ, ಗಂಡಾಗಿ ನಿನ್ನ ಕೈಲೇ ಒರಸ್ತೀಯಾ?"

ಆತನ ಕೈ ನಿಂತಿತು. ಈರಣ್ಣನ ಕಡೆ ನೋಡಿದ. ಈರಣ್ಣ ಗಳವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, "ನಾಕೊದ್ದು ಅನ್ನಾ, ನನಗ ಬ್ಯಾಡ. ನನಗೂ ಹೆಂಡ್ರು ಮಕ್ಕಳು ಅದಾರ" ಎಂದ. ಆಗ ಹನುಮಮ್ಮ ಗದ್ದದಿಂದ ನನ್ನತ್ತ ತೋರಿಸಿ ಅಂದಳು:

"ಆಕಿ ಒರಸ್ಲಿ. ಆಕಿಗೆ ಹೋಗೋದು ಏನು ಉಳದೈತಿ?"

ಆ ಮಾತಿನಲ್ಲಿ ಹಗೆ ಇರಲಿಲ್ಲ. ಕಳೆದ ಕೀಲಿಕೈ ಹುಡುಕುವವಳ ಹಾಗೆ ಹೇಳಿದಳು. ಅದಕ್ಕೇ ಹೆಚ್ಚು ತಾಗಿತು. ಆದರೂ ನಾನು ಎದ್ದೆ. ಆಕೆ ತಾಯಿಯನ್ನು ಮುಟ್ಟುವುದು ದೊಡ್ಡದೋ, ನನಗಾದ ನೋವು ದೊಡ್ಡದೋ? ಟವೆಲ್ಲಿಗೆ ಕೈ ಚಾಚಿದೆ.

"ಕೂಡ್ರಕ್ಕಾ" ಎಂದ ಆತ. ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಆಕಾಶ ನೋಡಿದ, ಹೊಳೆ ನೋಡಿದ. ಆಮೇಲೆ ಬಹಳ ನಯವಾಗಿ ಕೇಳಿದ:

"ಅತ್ತಿ, ವಿಭೂತಿ ಎಳದೀಯಲ್ಲ, ಲಿಂಗಕ್ಕ ಎಳದಂಗ?"

"ಹೂಂ, ಎಳದೀನಿ."

"ಹೂವು ಏರಿಸೀದಿ?"

"ಏರಿಸೀನಿ."

"ನೀರು ಹಾಕೀಯೇನು?"

ಹನುಮಮ್ಮ ಖಾಲಿ ತಂಬಿಗೆಯ ಕಡೆ ನೋಡಿದಳು.

"ಅಭಿಷೇಕ ಬಿಟ್ಟು ಪೂಜಿ ಮಾಡೀದಿ. ಅದಕ್ಕ ಸ್ವಾಮಿ ಮುನಿಸ್ಕೊಂಡು ಕೂತಾನ. ಕುಂಕುಮ ಒರಸೋದು ಬ್ಯಾರೆ ಅತ್ತಿ, ಹೊಳಿಗೆ ಕೊಡೋದು ಬ್ಯಾರೆ. ತುಂಗಮ್ಮನೂ ಮುತ್ತೈದಿ ಅಲ್ಲೇನು? ಆಕಿ ತಗೊಂಡ್ರ ತಪ್ಪೇನು?"

ಮಂಚದಿಂದ ಉರುಕುಂದಮ್ಮನ ನಗು ಕೇಳಿಸಿತು. ಹನುಮಮ್ಮ ಹೊಳೆಯನ್ನೂ ಚಪ್ಪರವನ್ನೂ ನೋಡಿ, ಸೋತರೂ ಸೋಲದ ದನಿಯಲ್ಲಿ, "ಅದು ಬ್ಯಾರೆ ಬಿಡು. ಅಭಿಷೇಕ ಅಂದ್ರ ಅಭಿಷೇಕ" ಎಂದಳು.

ಆತ ತಂಬಿಗೆಯನ್ನು ಹೊಳೆಯಲ್ಲಿ ಅದ್ದಿ ತುಂಬಿ ನನ್ನ ಕೈಗೆ ಕೊಟ್ಟ. "ಮೊದಲನೇದು ನಮ್ಮಕ್ಕಂದು." ಹನುಮಮ್ಮ ಬಾಯಿ ತೆರೆದಳು. ಆತ ಬಿಡಲಿಲ್ಲ. "ಎರಡನೇದು ನಿಂದು ಅತ್ತಿ. ಹಾಡೂ ನೀನೇ ಹೇಳಬೇಕು. ನನಗ ಮೈಕು ಹಿಡ್ಯಾಕ ಬಿಟ್ರ ಮತ್ತೇನು ಬರ್ತೈತಿ?"

ನಿಮ್ಮ ತಾತ ಹೋದ ಮೇಲೆ ಯಾವ ಪೂಜೆಯಲ್ಲೂ ನನ್ನ ಕೈಗೆ ಯಾರೂ ಮೊದಲ ತಂಬಿಗೆ ಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ. ಅಡ್ಡಪಟ್ಟಿ ಹಿಡಿದು ಹತ್ತಿ ನೀರು ಸುರಿದೆ. ಅರ್ಧ ನನ್ನ ಮೇಲೇ ಬಿತ್ತು. ಹನುಮಮ್ಮ ಹಾಡುತ್ತ ಸುರಿದಳು. ಈರಣ್ಣನಿಗೂ ಧೈರ್ಯ ಬಂದು ಬಕೆಟ್ಟಿನಿಂದ ಎರಚಿದ. ಅರಿಶಿಣ ಕುಂಕುಮ ಕರಗಿ ಕೆಂಪಗೆ ಓಕುಳಿಯಂತೆ ಹೊಳೆಗೆ ಇಳಿಯಿತು. ಗಾಳಿಗೆಂದು ಆತ ಬಿಟ್ಟಿದ್ದ ಸಂದುಗಳಿಂದ ಅರ್ಧ ನೀರು ನೇರ ಮಂಚದ ಮೇಲೆ!

"ಅಯ್ಯೋ ನಿಮ್ಮ!" ಎಂದು ಉರುಕುಂದಮ್ಮ ಕಣ್ಣು ಮುಚ್ಚಿ ಕೂಗಿದಳು. "ನನ್ನ ಮದುವ್ಯಾಗೂ ಇಷ್ಟು ಅರಿಶಿಣ ಬಿದ್ದಿರ್ಲಿಲ್ಲರಿ!"

"ಅವಾಗ ನಿಮ್ಮಪ್ಪ ಹಿಡಿತ ಮಾಡಿದ್ದ" ಎಂದ ಆತ ಮೇಲಿನಿಂದ.

ಮೋಟಾರು ತಿರುಗಿತು. ಬೆಳಿಗ್ಗೆಗಿಂತ ಚುರುಕಾಗಿ ತಿರುಗಿತು. ಬಿಸಿಲಿಗೆ ಕಾದ ಪ್ಯಾನೆಲ್ಲು ಜಡವಾಗುತ್ತದಂತೆ, ಮೈ ತೊಳೆದರೆ ಮತ್ತೆ ಚೇತರಿಸುತ್ತದಂತೆ. ಹನುಮಮ್ಮ ಮಾತ್ರ ಅದನ್ನು ಒಪ್ಪಲಿಲ್ಲ. "ಸ್ವಾಮಿ ತಣ್ಣಗಾದ" ಎಂದಳು. ಆತ ವಾದ ಮಾಡಲಿಲ್ಲ. ಮುಂದೆ ಹೊಳೆಯ ಕಲ್ಲುಗಳ ನಡುವೆ ಈರಣ್ಣ ದೋಣಿಯನ್ನು ದಾರದಂತೆ ಪೋಣಿಸಿಕೊಂಡು ಹೋದ.

ಆಮೇಲೆ ಆ ದೋಣಿ ಹೊಳೆಯಲ್ಲಿ ನೀರಿದ್ದಾಗಲೆಲ್ಲ ಹೋಗಿ ಬರುತ್ತಿತ್ತು. ಪ್ರತಿಸಲ ಹೊರಡುವ ಮುನ್ನ ಹನುಮಮ್ಮ ಪ್ಯಾನೆಲ್ಲಿನ ಒಂದು ಮೂಲೆಗೆ ಒಂದೇ ಬೊಟ್ಟು ಕುಂಕುಮ ಇಟ್ಟು, ತಾನೇ ಒಂದು ತಂಬಿಗೆ ನೀರು ತುಂಬಿಕೊಳ್ಳುತ್ತಿದ್ದಳು. ನನ್ನನ್ನು ಕರೆದು, "ಮೊದ್ಲು ನೀ ಹಾಕು" ಅನ್ನುತ್ತಿದ್ದಳು.

ಆ ಮೊದಲ ಸಲ ನಾವು ಆಕೆಯ ತವರು ಮುಟ್ಟಿದಾಗ ಇಳಿಹೊತ್ತು. ಉರುಕುಂದಮ್ಮನ ತಮ್ಮ ತಾಯಿಯನ್ನು ಮಂಚದ ಸಮೇತ ಹೊರಿಸಿಕೊಂಡು ಬಂದು ಹೊಳೆಯ ಅಂಚಿಗೆ ಇಟ್ಟಿದ್ದ. ಮುದುಕಿ ಇಂಜಿನ್ನಿನ ಸದ್ದು ಬಂದೀತೆಂದು ಕಿವಿಗೊಟ್ಟು ಮಲಗಿದ್ದಳು. "ಇನ್ನೂ ಕಾಣವಲ್ರೇನೋ?" ಎನ್ನುತ್ತಿದ್ದಳು. ಆತ ತುಟಿಗೆ ಬೆರಳಿಟ್ಟು ದಂಡೆಯ ಮೇಲಿದ್ದವರಿಗೆಲ್ಲ ಸನ್ನೆ ಮಾಡಿದ. ಜೀವನವೆಲ್ಲ ಮೈಕಿನಲ್ಲಿ ಕೂಗಿದ ಮನುಷ್ಯ, ಒಂದು ಸದ್ದಿಲ್ಲದೆ ದೋಣಿಯನ್ನು ಅಡ್ಡ ತಿರುಗಿಸಿ, ಇಂಚಿಂಚಾಗಿ ಒತ್ತಿ, ಈ ಮಂಚವನ್ನು ಆ ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದ.

ಉರುಕುಂದಮ್ಮ ಕೈ ಚಾಚಿ ತಾಯಿಯ ಕೈ ಹಿಡಿದಳು.

ಮುದುಕಿ ಬಳೆ ಮುಟ್ಟಿದಳು, ಮಣಿಕಟ್ಟು ಮುಟ್ಟಿದಳು, ಮೊಣಕೈಯವರೆಗೆ ಮೆಲ್ಲಗೆ ಸವರಿಕೊಂಡು ಹೋದಳು.

"ಇಷ್ಟು ವರ್ಷ ಎಲ್ಲಿ ಸತ್ತಿದ್ದೆ?" ಎಂದಳು.

"ಬಿಸಿಲು ಬರ್ಲಿ ಅಂತ ಕಾದಿದ್ದೆ ಅವ್ವಾ."

"ಬಿಸಿಲಿಗೆ ಬರ ಐತೇನೇ ನಮ್ಮ ಕಡಿ? ಸುಳ್ಳಿ!" ಎಂದು ಮುದುಕಿ ಮಗಳ ಕೈಗೆ ಒಂದು ಪೆಟ್ಟು ಕೊಟ್ಟಳು. ಕೊಟ್ಟ ಮೇಲೆ ಆ ಕೈಯನ್ನು ಬಿಡಲಿಲ್ಲ.